ಕೆಳಮನೆಯ ವೆಸೀನಾ

ಕೆಳಮನೆಯಲ್ಲಿದ್ದ ವೆಸೀನಾ ಅವರ ಗಂಡ ಕಳಿಸಿದ ಧ್ವನಿಸಂದೇಶ ಚಿಕ್ಕದು. ಲ್ಯಾಬಿನ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುತ್ತ ಕೇಳಿಸಿಕೊಂಡೆ. ಮಾತು ಕಡಿಮೆಯ ಮನುಷ್ಯ ಮೊದಲು ಗಂಟಲು ಸರಿಮಾಡಿಕೊಂಡರು. ಆಮೇಲೆ ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ, "ನಮ್ಮಲ್ಲಿ ಸತ್ತರು ಅನ್ನುವುದಿಲ್ಲ, ದಣಿವಾರಿಸಿಕೊಂಡರು ಅನ್ನುತ್ತೇವೆ. ಅವಳು ಮೊನ್ನೆ ಭಾನುವಾರ ದಣಿವಾರಿಸಿಕೊಂಡಳು. ನಿನಗೆ ತಿಳಿಸು ಅಂದಿದ್ದಳು" ಎಂದರು. ಅಷ್ಟೇ. ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು, ಪಾತ್ರೆಗಳ ಸದ್ದು ಕೇಳುತ್ತಿತ್ತು. ಚಿಲಿ ದೇಶದ ಆ ಹಳ್ಳಿಯಲ್ಲಿ ಆಗ ಬೆಳಗಿನ ಜಾವವಿದ್ದಿರಬೇಕು.

ಡಬ್ಬಿ ಮುಚ್ಚಿ ಮತ್ತೆ ಕೆಲಸಕ್ಕೆ ಕೂತೆ. ರಕ್ತ ಕೊಡಲು ಬಂದವರು ಸಾಲಾಗಿ ಕಾಯುತ್ತಿದ್ದರು. ನಾವು ಗಲ್ಫಿನಲ್ಲಿರುವವರು ಸುದ್ದಿ ಕೇಳುವುದು ಹೀಗೆಯೇ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೆಲಸ.

ಮಸ್ಕತ್ತಿನ ಸೀಬ್‌ನಲ್ಲಿ ನಾವಿರುವುದು ಒಂದು ಹಳೆಯ ವಿಲ್ಲಾದ ಮೇಲಿನ ಪೋರ್ಷನ್ನಿನಲ್ಲಿ. ಕೆಳಗಿನದಕ್ಕೆ ಅವರು ಬಂದದ್ದು ಒಂದು ಸೆಪ್ಟೆಂಬರಿನ ಸೆಖೆಯಲ್ಲಿ. ಗಂಡ ತಾಮ್ರದ ಗಣಿಗೆ ಡ್ರಿಲ್ಲಿಂಗ್ ನೋಡಿಕೊಳ್ಳುವವರು, ವಾರಗಟ್ಟಲೆ ಸೈಟಿನಲ್ಲೇ ಇರುತ್ತಿದ್ದರು. ಇವರೊಬ್ಬರೇ ಮನೆಯಲ್ಲಿ. ಅರವತ್ತು ದಾಟಿದ ಗಿಡ್ಡ ಹೆಂಗಸು, ಬಿಗಿಯಾಗಿ ಹೆಣೆದ ನರೆಗೂದಲ ಜಡೆ, ರೊಟ್ಟಿ ಬಡಿಯುವವರ ಹಾಗೆ ಗಟ್ಟಿ ಮುಂಗೈ. ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದರು. ಮೊದಲ ದಿನ ನಾನು "ಆಂಟಿ" ಎಂದದ್ದಕ್ಕೆ ಮುಖ ಸಿಂಡರಿಸಿ, "ನಿನ್ನ ಅಪ್ಪನಿಗೂ ಅಮ್ಮನಿಗೂ ನಾನು ತಂಗಿಯಲ್ಲ. ವೆಸೀನಾ ಅನ್ನು" ಎಂದರು. ನೆರೆಮನೆಯವಳು ಎಂದರ್ಥವಂತೆ. ಅವರ ಊರಲ್ಲಿ ಬೀದಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ವೆಸೀನಾ. ಹಾಗಾಗಿ ನಾನೂ ಅವರಿಗೆ ವೆಸೀನಾ, ಅವರೂ ನನಗೆ ವೆಸೀನಾ. ಹೆಸರಿನ ಅಗತ್ಯವೇ ಬೀಳಲಿಲ್ಲ. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ.

ಅವರು ಸಾಧು ಸ್ವಭಾವದವರೇನಲ್ಲ. ನೀರಿನ ಟ್ಯಾಂಕರಿನವನ ಜೊತೆ ಪ್ರತಿ ಸಲವೂ ಜಗಳ. ಮಸ್ಕತ್ತಿನ ಬಿಸಿಲನ್ನು ಎದುರಿಗೆ ನಿಂತ ಮನುಷ್ಯನನ್ನು ಬೈದ ಹಾಗೆ ಬೈಯುತ್ತಿದ್ದರು. ನನ್ನ ಅಡುಗೆಮನೆಗೆ ಬಂದರೆ ಡಬ್ಬಗಳನ್ನೆಲ್ಲ ತಮಗೆ ತಿಳಿದಂತೆ ಜೋಡಿಸಿಟ್ಟು ಹೋಗುತ್ತಿದ್ದರು, ಆಮೇಲೆ ಸಾಸಿವೆ ಸಿಗಬೇಕಾದರೆ ನನಗೆ ಅರ್ಧ ದಿನ. ಹೇಳಿದರೆ, "ಯಾ ಪೋ" ಎಂದು ಕೈ ಕೊಡವುತ್ತಿದ್ದರು. ಆಯಿತು, ಬಿಡು, ಸಾಕು, ನಡಿ ಎಲ್ಲಕ್ಕೂ ಅವರದು ಅದೊಂದೇ ಮಾತು.

ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಸಂಜೆ ಆರರ ಮೇಲಾಗುತ್ತಿತ್ತು. ಅಲ್ ಖುವೈರಿನ ಲ್ಯಾಬಿನಿಂದ ಸೀಬ್‌ವರೆಗೆ ಬ್ರೇಕು ತುಳಿದೂ ತುಳಿದೂ ಕಾಲು ಸೋತಿರುತ್ತಿತ್ತು. ಮೇಲೆ ಹತ್ತಲು ಕೈಯೂರಿ ನಿಂತರೆ ಕೆಳಗಿನ ಬಾಗಿಲು ತೆರೆಯುತ್ತಿತ್ತು. "ಓನ್ಸೆ" ಎನ್ನುತ್ತಿದ್ದರು. ಕರೆಯಲ್ಲ, ಅಪ್ಪಣೆ.

ಓನ್ಸೆ ಎಂದರೆ ಹನ್ನೊಂದು. ಆದರೆ ಅದು ಅವರ ದೇಶದ ಸಂಜೆಯ ಚಹಾದ ಹೆಸರು. ಹಿಂದೆ ಗಂಡಸರು ಚಹಾದ ನೆಪದಲ್ಲಿ ಹೆಂಡ ಕುಡಿಯುತ್ತಿದ್ದರಂತೆ. ಆ ಹೆಂಡದ ಹೆಸರಿನಲ್ಲಿ ಹನ್ನೊಂದು ಅಕ್ಷರ. ಹೆಂಗಸರಿಗೆ ತಿಳಿಯದಿರಲಿ ಎಂದು 'ಹನ್ನೊಂದು ತಗೊಂಡು ಬರೋಣ' ಅನ್ನುತ್ತಿದ್ದರಂತೆ. "ಹೆಂಗಸರಿಗೆ ಮೊದಲ ದಿನವೇ ತಿಳಿದಿತ್ತು. ಗಂಡಸರಿಗೆ ಮಾತ್ರ ಇವತ್ತಿಗೂ ಅದು ಗುಟ್ಟು" ಎಂದು ಹೇಳಿ, ನಗದೆ ಚಹಾ ಸುರಿಯುತ್ತಿದ್ದರು.

ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು ಇರುತ್ತಿತ್ತು. ದುಂಡಗೆ, ಅಂಗೈಯಗಲ, ಮೇಲೆ ಫೋರ್ಕಿನಿಂದ ಚುಚ್ಚಿದ ಗುರುತು. ಅವರೇ ನಾದಿ ಸುಟ್ಟದ್ದು. ಅವರಲ್ಲಿ ಅದಕ್ಕೆ ಹಂದಿಯ ಕೊಬ್ಬು ಹಾಕುವುದು ರೂಢಿ. ನಾವು ತಿನ್ನುವುದಿಲ್ಲವೆಂದು ಗೊತ್ತಾದ ದಿನದಿಂದ ತುಪ್ಪ ಹಾಕಿದರು. ಹೇಳಿಕೊಳ್ಳಲಿಲ್ಲ, ಒಂದು ಸಂಜೆ ಅವರ ಕಟ್ಟೆಯ ಮೇಲೆ ನಾವು ಕೊಳ್ಳುವ ಅಂಗಡಿಯ ತುಪ್ಪದ ಡಬ್ಬ ಕಂಡು ನನಗೇ ತಿಳಿಯಿತು. ಹಣ್ಣಾದ ಬೆಣ್ಣೆಹಣ್ಣನ್ನು ಉಪ್ಪು ಹಾಕಿ ಜಜ್ಜಿ ಬ್ರೆಡ್ಡಿಗೆ ಸವರಿ ಮುಂದಿಡುತ್ತಿದ್ದರು. ಮನೆಗೆ ಹೋಗಿ ಅಡುಗೆ ಮಾಡಬೇಕು ಎಂದರೆ, "ಹಸಿದವರಿಗೆ ಊಟ. ದಣಿದವರಿಗೆ ಓನ್ಸೆ. ನಿನ್ನ ಮುಖದಲ್ಲಿ ಹಸಿವಿಲ್ಲ" ಎನ್ನುತ್ತಿದ್ದರು. ಚಪ್ಪಲಿ ಕಳಚಿ ಕಾಲು ಇನ್ನೊಂದು ಕುರ್ಚಿಯ ಮೇಲಿಟ್ಟು, ಮೇಜಿನ ಮೇಲೆ ಬಿದ್ದ ತುಣುಕುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತಿನ್ನುತ್ತ ಕೂರುತ್ತಿದ್ದರು. ಮಾತಾಡಲೇಬೇಕೆಂದಿಲ್ಲ. ನಾನು ಎಷ್ಟೋ ಸಲ ಅಲ್ಲೇ ಕುರ್ಚಿಯಲ್ಲಿ ತೂಕಡಿಸಿದ್ದೇನೆ.

ದಣಿವಿನ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಹಿಂದೆ ಪೆರು, ಜಾಂಬಿಯಾ, ಮಂಗೋಲಿಯಾ ಎಂದು ಗಣಿಯಿಂದ ಗಣಿಗೆ ಸುತ್ತಿದವರು. ಹೊಸ ವರ್ಷದ ಹೊತ್ತಿಗೆ ಅವರ ದೇಶದಲ್ಲಿ ಒಂದು ರೂಢಿಯಿದೆಯಂತೆ: ವರ್ಷ ಬದಲಾಗುತ್ತಿದ್ದಂತೆ ಖಾಲಿ ಸೂಟ್‌ಕೇಸು ಎಳೆದುಕೊಂಡು ಬೀದಿಗೆ ಒಂದು ಸುತ್ತು ಹಾಕಿದರೆ ಆ ವರ್ಷ ಪ್ರಯಾಣದ ಯೋಗ. "ನೀವೂ ಹಾಕುತ್ತೀರಾ?" ಎಂದು ಕೇಳಿದೆ. "ನಾನು ಆ ದಿನ ಸೂಟ್‌ಕೇಸುಗಳನ್ನು ಮಂಚದ ಕೆಳಗೆ ತಳ್ಳಿ, ಮಂಚದ ಮೇಲೆ ಮಲಗುತ್ತೇನೆ. ಅವು ತಾವಾಗಿ ಹೊರಗೆ ಹೋಗದಿರಲಿ ಎಂದು" ಎಂದರು.

ಆ ಚಳಿಗಾಲದಲ್ಲಿ ನಾನು ಬಸುರಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ ನಿಂತದ್ದು. ಫೆಬ್ರವರಿಯಲ್ಲಿ ಬಾಣಂತನಕ್ಕೆಂದು ಅತ್ತೆ ಬಾಗಲಕೋಟೆಯಿಂದ ಬಂದರು. ಬಂದ ವಾರದಲ್ಲೇ ಮಳೆ. ಮಸ್ಕತ್ತಿನ ಮಳೆಯೆಂದರೆ ಶಾಲೆಗೆ ರಜೆ, ಹೆದ್ದಾರಿಯ ಮೇಲೆ ವಾದಿ ಎನ್ನುವ ಒಣಹಳ್ಳದ ಕೆಂಪು ನೀರು, ಆಫೀಸಿಗೂ ಹೋಗುವಂತಿಲ್ಲ. ಬೆಳಿಗ್ಗೆಯೇ ವೆಸೀನಾ ಬಂದು ಬಾಗಿಲು ಬಡಿದರು. ಒಂದು ಕೈಯಲ್ಲಿ ಸೀಕುಂಬಳದ ಹೋಳು.

"ನಿನ್ನ ಹತ್ತಿರ ಕಂದು ಸಕ್ಕರೆಯ ಗಟ್ಟಿ ಇದೆಯಾ? ಇಂಡಿಯಾದ್ದು? ಮಳೆ ಬಂದಿದೆ, ನಾನು ಸೊಪೈಪೀಯಾ ಮಾಡಲೇಬೇಕು."

ಅವರಲ್ಲಿ ಮಳೆ ಬಿತ್ತೆಂದರೆ ಮನೆಮನೆಯಲ್ಲೂ ಸೊಪೈಪೀಯಾ ಕರಿಯುತ್ತಾರಂತೆ. ನಾನು ಹಮ್ರಿಯಾದ ಅಂಗಡಿಯಿಂದ ತಂದಿಟ್ಟಿದ್ದ ಬೆಲ್ಲದ ಅಚ್ಚು ಕೊಟ್ಟೆ. ಅತ್ತೆಯೂ ಕುತೂಹಲಕ್ಕೆ ಕೆಳಗಿಳಿದರು. ಬೇಯಿಸಿದ ಕುಂಬಳವನ್ನು ಹಿಟ್ಟಿಗೆ ಹಾಕಿ ನಾದುವುದನ್ನು ಕಂಡವರೇ ಸೊಂಟಕ್ಕೆ ಸೆರಗು ಸಿಕ್ಕಿಸಿಬಿಟ್ಟರು.

"ಅಯ್ಯ ಇವಳಾ! ಇದು ನಮ್ಮ ಕುಂಬಳಕಾಯಿ ಗಾರಿಗಿನ ಐತಲ್ಲ! ಸರಿ ಯಕ್ಕಾ, ನಾ ಲಟ್ಟಸ್ತೀನಿ. ನೀ ಕರಿ."

ವೆಸೀನಾ ಸ್ಪ್ಯಾನಿಷಿನಲ್ಲಿ ಏನೋ ಹೇಳಿದರು. ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ಇನ್ನೊಬ್ಬರ ಒಂದು ಪದ ತಿಳಿಯದು, ಕೆಲಸ ಮಾತ್ರ ನಡೆಯಿತು. ಜಗಳ ಹತ್ತಿದ್ದು ಕೊನೆಗೆ. ಕರಿದದ್ದನ್ನು ವೆಸೀನಾ ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದ ಬೆಲ್ಲದ ಪಾಕದಲ್ಲಿ ಮುಳುಗಿಸಹೊರಟರು.

"ಬ್ಯಾಡ ಬ್ಯಾಡ, ಮೆತ್ತಗ ಆಕ್ಕಾವ! ಬೆಲ್ಲಾ ಹಿಟ್ಟಿನ್ಯಾಗ ಕಲಸ್ಬೇಕಿತ್ತು. ಹೇಳವಾ ನೀನಾರ ಆಕಿಗೆ!"

ನಾನು ಹೇಳಿದೆ. ವೆಸೀನಾ ಕೈ ಕೊಡವಿ, "ಯಾ ಪೋ!" ಎಂದರು.

ಅತ್ತೆ ಥಟ್ಟನೆ ನಿಂತರು. "ಯಪ್ಪೋ ಅಂದ್ಲಲ್ಲ! ಈಕಿಗೆ ನಮ್ಮ ಮಾತು ಬರತೈತಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿನದೂ ಒದೆಯಿತು. ಅಂದಿನಿಂದ ಅತ್ತೆ ಊರಿಗೆ ಫೋನು ಮಾಡಿದಾಗಲೆಲ್ಲ, ಕೆಳಗಿನಾಕಿ ಎಲ್ಲೋ ನಮ್ಮ ಹೊಳಿ ದಂಡಿಯಾಕಿನ, ಹೆಂಗೋ ಅಲ್ಲಿಗೆ ಹೋಗಿ ಬಿದ್ದಾಳ ಎಂದೇ ಹೇಳುತ್ತಿದ್ದರು.

ಮಾರ್ಚಿನಲ್ಲಿ ಮಗು ಹೋಯಿತು. ಎಂಟು ತಿಂಗಳು ತುಂಬಿತ್ತು, ಗಂಡು. ನನಗೆ ರಕ್ತದೊತ್ತಡ ಏರಿ ಪ್ರಜ್ಞೆ ಇರಲಿಲ್ಲ. ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವನ್ನು ನನಗೆ ತೋರಿಸಬಾರದೆಂದು ಹಿರಿಯರು ಫೋನಿನಲ್ಲೇ ತೀರ್ಮಾನ ಮಾಡಿದ್ದರು. ನನ್ನ ಗಂಡ ಆಫೀಸಿನ ಇಬ್ಬರು ಗೆಳೆಯರ ಜೊತೆ ಹೋಗಿ ಮಣ್ಣು ಮಾಡಿ ಬಂದಿದ್ದರು. ಎಲ್ಲಿ ಎಂದು ಅವರು ಹೇಳಲಿಲ್ಲ. ಕೇಳಿದರೆ, "ಬ್ಯಾಡ. ಆಗಿ ಹೋತು. ಖಲಾಸ್" ಎನ್ನುತ್ತಿದ್ದರು. ಅರಬಿಯ ಆ ಮಾತನ್ನು ಅವರು ದಿನವೂ ಸೈಟಿನಲ್ಲಿ ಕಾಂಕ್ರೀಟು ಹಾಕಿ ಮುಗಿದಾಗ ಬಳಸುವವರು.

ಅತ್ತೆ ನನ್ನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಬಾಣಂತನ ಮಾಡಿದರು. ಮಗುವಿಲ್ಲದ ಬಾಣಂತನ. ನಾನು ಮುಖ ಸಣ್ಣಗೆ ಮಾಡಿದರೆ ಸಾಕು, ಓಡಿ ಬರುತ್ತಿದ್ದರು. "ಅಳಬ್ಯಾಡ ನನ್ನವ್ವ. ಹಸಿ ಮೈಯಾಗ ಅತ್ರ ಕಣ್ಣು ಕೆಡತಾವ. ಕೂಸಿನ ಜೀವಾನೂ ಹೊಳ್ಳಿ ಹೊಳ್ಳಿ ಮನಿ ಕಡೆ ನೋಡತೈತಿ." ಅವರ ಕಣ್ಣುಗಳೂ ಕೆಂಪಗಿರುತ್ತಿದ್ದವು. ಅವರ ಮಾತಿನಲ್ಲಿ ಪ್ರೀತಿಯ ಹೊರತು ಬೇರೇನಿರಲಿಲ್ಲ. ನಾನು ಅಳು ನುಂಗಿಕೊಂಡು ಗೋಡೆ ನೋಡುತ್ತ ಮಲಗಿರುತ್ತಿದ್ದೆ.

ವೆಸೀನಾ ಮೊದಲ ಕೆಲವು ದಿನ ಬರಲಿಲ್ಲ. ಬಾಗಿಲ ಬಳಿ ಬಟ್ಟೆ ಸುತ್ತಿದ ಬ್ರೆಡ್ಡು ಮಾತ್ರ ಇಟ್ಟು ಹೋಗುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಅತ್ತೆ ಸ್ನಾನಕ್ಕೆ ಹೋದಾಗ ಒಳಗೆ ಬಂದು, ನನ್ನ ಮಂಚದ ತುದಿಯಲ್ಲಿ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ನನಗೂ ಒಬ್ಬ ಇದ್ದ," ಎಂದರು. "ಒಂಬತ್ತು ತಿಂಗಳಿನವನು. ಜ್ವರ ಬಂತು. ನಮ್ಮದು ಹಳ್ಳಿ, ಸಾಂತಿಯಾಗೋದಿಂದ ದಕ್ಷಿಣಕ್ಕೆ, ಆಸ್ಪತ್ರೆ ದೂರ. ನನಗಾಗ ಇಪ್ಪತ್ತು ವರ್ಷ."

ಅವರ ಸೀಮೆಯಲ್ಲಿ ಎಳೆಯ ಕೂಸು ಸತ್ತರೆ ಅದು ನೇರ ದೇವರ ಬಳಿ ಹೋಗುವ ಪುಟ್ಟ ದೇವದೂತನಾಗುತ್ತದಂತೆ. ಆಂಹೆಲೀತೊ ಎನ್ನುತ್ತಾರೆ. ಅದಕ್ಕೆ ಬಿಳಿ ಬಟ್ಟೆ ತೊಡಿಸಿ, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿ, ತಲೆಗೆ ಹೂವಿಟ್ಟು, ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಆ ಕುರ್ಚಿಯನ್ನು ಮೇಜಿನ ಮೇಲೆ ಇಡುತ್ತಾರೆ. ಸುತ್ತ ಮೇಣದ ಬತ್ತಿ. ಊರವರೆಲ್ಲ ಸೇರುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ. ಹಾಡುಗಾರರು ಬಂದು ಬೆಳಗಿನವರೆಗೆ ಹಾಡುತ್ತಾರೆ. ಹಳೆಯ ಕಾಲದ ಪದ್ಧತಿ, ಆಗಲೇ ಪಟ್ಟಣಗಳಲ್ಲಿ ನಿಂತುಹೋಗಿತ್ತು. ಅವರ ಅಜ್ಜಿ ಮಾತ್ರ ಬಿಡಲಿಲ್ಲ.

"ಕೊನೆಯಲ್ಲಿ ಹಾಡುಗಾರ ಮಗುವಿನ ಬಾಯಾಗಿ ಹಾಡುತ್ತಾನೆ. ಹೋಗಿಬರುತ್ತೇನೆ ಎಂದು ಎಲ್ಲರಿಗೂ ಹೇಳುತ್ತಾನೆ. ಅಪ್ಪನಿಗೆ, ಅಜ್ಜಿಗೆ. ಆಮೇಲೆ ತಾಯಿಗೆ. ಮೀಸೆಯ ಗಂಡಸು, ಕುಡಿದ ಬಾಯಿ. ಅವನು ನನ್ನ ಮಗನಾಗಿ, ಅಳಬೇಡ ಅಂತ ನನಗೆ ಹೇಳುತ್ತಿದ್ದಾನೆ. ತಾಯಿ ಅತ್ತರೆ ಕಣ್ಣೀರಿಗೆ ರೆಕ್ಕೆ ನೆನೆಯುತ್ತದೆ. ನೆನೆದರೆ ಮಗು ಮೇಲೆ ಹಾರಲಾರದು. ಅಜ್ಜಿ ನನ್ನ ತೋಳು ಹಿಡಿದುಕೊಂಡೇ ಇದ್ದಳು, ಇಲ್ಲಿ." ತೋಳು ಮುಟ್ಟಿ ತೋರಿಸಿದರು. "ನಾನು ಅಳಲಿಲ್ಲ. ಒಳ್ಳೆಯ ತಾಯಿ ಅಂದರು ಎಲ್ಲರೂ."

"ಆಮೇಲೆ?"

"ಆಮೇಲೆ ಅಳೋಣ ಅಂದರೆ ಬರಲಿಲ್ಲ. ಎಷ್ಟು ಊರು ಸುತ್ತಿದೆ, ಎಲ್ಲೂ ಬರಲಿಲ್ಲ. ಅಜ್ಜಿಯದು ತಪ್ಪು ಅನ್ನುವುದಿಲ್ಲ. ಅವಳು ತಾನೇ ಐದು ಮಕ್ಕಳನ್ನು ಹಾಗೆ ಕಳಿಸಿದ್ದಳು. ಅಳುತ್ತ ಕೂತಿದ್ದರೆ ಉಳಿದವರಿಗೆ ಬೇಯಿಸಿ ಹಾಕುವವರು ಯಾರು?" ಆಮೇಲೆ ಕಿಟಕಿಯ ಹೊರಗಿನ ಉರಿಬಿಸಿಲಿನ ಕಡೆ ಗದ್ದ ತೋರಿಸಿ, "ನೀನು ಅಳು, ವೆಸೀನಾ. ನೆನೆದರೆ ನೆನೆಯಲಿ. ಈ ಊರಲ್ಲಿ ಏನು ಬೇಕಾದರೂ ಒಣಗುತ್ತದೆ" ಎಂದರು.

ಅತ್ತೆ ಸ್ನಾನ ಮುಗಿಸಿ ಬಂದಾಗ ನಾನು ವೆಸೀನಾರ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅಳುತ್ತಿದ್ದೆ. ಅತ್ತೆ ಬಾಗಿಲಲ್ಲೇ ನಿಂತರು. ಏನನ್ನಿಸಿತೋ, ತಡೆಯಲಿಲ್ಲ. ಒದ್ದೆಗೂದಲಲ್ಲೇ ಬಂದು ಮಂಚದ ಇನ್ನೊಂದು ಬದಿಗೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ತಾವೂ ಅತ್ತರು. ವೆಸೀನಾ ಮಾತ್ರ ಅಳಲಿಲ್ಲ. ನಮ್ಮಿಬ್ಬರ ಬೆನ್ನ ಮೇಲೂ ಒಂದೊಂದು ಕೈಯಿಟ್ಟು ಕೂತಿದ್ದರು.

ಅತ್ತೆ ಊರಿಗೆ ಹೋದರು. ನಾನು ಕೆಲಸಕ್ಕೆ ಹೋಗತೊಡಗಿದೆ. ಬೇಸಿಗೆ ಎಂದಿನಂತೆ ಎಲ್ಲರನ್ನೂ ಹಿಂಡಿ ಹಾಕಿತು. ಸೆಪ್ಟೆಂಬರಿನಲ್ಲಿ ಅವರ ರಾಷ್ಟ್ರೀಯ ಹಬ್ಬ. ಮಸ್ಕತ್ತಿನಲ್ಲಿರುವ ನಾಲ್ಕಾರು ಚಿಲಿಯವರು ಕೆಳಮನೆಗೆ ಬಂದರು, ನಮ್ಮನ್ನೂ ಕರೆದರು. ನಮಗೆಂದು ಚೀಸು ತುಂಬಿದ ಎಂಪನಾದಾ ಬೇರೆ ಮಾಡಿದ್ದರು. ನನ್ನ ಗಂಡ ಅದನ್ನು ತಿರುಗಿಸಿ ನೋಡಿ, "ಉಪ್ಪಿನ ಕರಿಗಡಬು" ಎಂದರು. ಹಾಡು ಹಾಕಿ ವೆಸೀನಾ ಮತ್ತು ಅವರ ಗಂಡ ಕ್ವೇಕಾ ಎಂಬ ತಮ್ಮ ನಾಡಿನ ಕುಣಿತ ಕುಣಿದರು. ಇಬ್ಬರ ಕೈಯಲ್ಲೂ ಬಿಳಿ ಕರವಸ್ತ್ರ. ಸುತ್ತುತ್ತಾರೆ, ಹತ್ತಿರ ಬರುತ್ತಾರೆ, ಹಿಂದೆ ಸರಿಯುತ್ತಾರೆ, ಕೈ ಮಾತ್ರ ಎಲ್ಲೂ ತಾಕುವುದಿಲ್ಲ. ವೆಸೀನಾ ಕುಣಿದು ಬಂದು ನನ್ನ ಪಕ್ಕ ಕೂತು ಏದುಸಿರು ಬಿಡುತ್ತ, "ಮುಟ್ಟುವ ಹಾಗಿಲ್ಲ. ಬರೀ ಸುತ್ತು ಹಾಕುವುದು. ಮದುವೆಯೂ ಹಾಗೇ" ಎಂದರು. ಆಮೇಲೆ ನನ್ನ ಗಂಡನ ಕಡೆ, ನನ್ನ ಕಡೆ ನೋಡಿದರು. ನಾವು ಆ ಕೋಣೆಯ ಎರಡು ಮೂಲೆಯಲ್ಲಿ ಕೂತಿದ್ದೆವು. ಆ ಬೇಸಿಗೆಯಿಡೀ ಮನೆಯಲ್ಲೂ ಹಾಗೆಯೇ ಇದ್ದೆವು. ಕರೆಂಟು ಬಿಲ್ಲು, ಹಾಲು, ಗ್ಯಾಸು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಅಕ್ಟೋಬರಿನ ಕೊನೆಗೆ ಒಂದು ಸಂಜೆ ಓನ್ಸೆಯ ಹೊತ್ತಿನಲ್ಲಿ ಕೇಳಿದರು: "ನವೆಂಬರ್ ಒಂದಕ್ಕೆ ನಿನ್ನ ಮಗನ ಹತ್ತಿರ ಯಾರು ಹೋಗುತ್ತಾರೆ?"

"ಯಾರೂ ಹೋಗಲ್ಲ. ಎಲ್ಲಿದ್ದಾನೆ ಅಂತಲೇ ನನಗೆ ಗೊತ್ತಿಲ್ಲ."

ಅವರು ಲೋಟ ಕೆಳಗಿಟ್ಟರು. ಅವರ ದೇಶದಲ್ಲಿ ಆ ದಿನ ಜನ ಬೆಳಿಗ್ಗೆಯೇ ಬಕೆಟ್ಟು, ಪೊರಕೆ, ಹೂವು ಹಿಡಿದು ಸ್ಮಶಾನಕ್ಕೆ ಹೋಗುತ್ತಾರೆ. ಸಮಾಧಿ ತೊಳೆದು ಹೂವಿಟ್ಟು, ಅಲ್ಲೇ ಕೂತು ಉಂಡು, ತಮ್ಮವರ ವಿಷಯ ಮಾತಾಡಿಕೊಂಡು ಸಂಜೆಗೆ ಬರುತ್ತಾರೆ. ಯಾರೂ ಬಾರದ ಸಮಾಧಿಯನ್ನು ಪಕ್ಕದವರು ತೊಳೆಯುತ್ತಾರೆ. "ನನ್ನವನನ್ನು ನನ್ನ ತಂಗಿ ನೋಡಿಕೊಳ್ಳುತ್ತಾಳೆ. ನಾನು ದೂರ ಇದ್ದೇನೆ. ನೀನು ಹತ್ತಿರವೇ ಇದ್ದೀಯಲ್ಲ" ಎಂದರು.

ಹಾಗೆಂದು ಎದ್ದವರು ಮೆಟ್ಟಿಲು ಹತ್ತಿ ನನ್ನ ಗಂಡನ ಎದುರಿಗೇ ಹೋಗಿ ನಿಂತರು. ಇವರು ಸೋಫಾದಲ್ಲಿ ಫೋನು ನೋಡುತ್ತ ಮಲಗಿದ್ದರು. "ಶುಕ್ರವಾರ ಬೆಳಿಗ್ಗೆ ನೀವು ಕಾರು ಓಡಿಸಬೇಕು. ಉಳಿದದ್ದೆಲ್ಲ ನಾನು ತರುತ್ತೇನೆ."

ಎಲ್ಲಿಗೆಂದು ಇವರಿಗೆ ತಕ್ಷಣ ಅರ್ಥವಾಯಿತು. ನನ್ನ ಕಡೆ ತಿರುಗಿ, "ಬ್ಯಾಡಂತ ಹೇಳು. ಅಲ್ಲಿ ನೋಡೂದೇನೈತಿ, ಬರೇ ಕಲ್ಲು" ಎಂದರು. ನಾನು ಹೇಳಲಿಲ್ಲ. ಆಕೆಯೂ ಕದಲಲಿಲ್ಲ. ಇವರು ಫೋನು ಕೆಳಗಿಟ್ಟು, "ಏಳಕ್ಕ ಬಿಡೂಣು. ಆಮ್ಯಾಲೆ ಬಿಸಿಲು" ಎಂದರು.

ಅಮೇರಾತ್ ದಾಟಿ, ಒಣಗುಡ್ಡಗಳ ನಡುವೆ, ಬೇರೆ ಧರ್ಮದವರಿಗೆಂದು ಬಿಟ್ಟ ಒಂದು ಸಣ್ಣ ಸ್ಮಶಾನ. ಇಷ್ಟು ದಿನ ಅದೇ ರಸ್ತೆಯಲ್ಲಿ ನಾವು ಗೆಳೆಯರ ಮನೆಗೆ ಎಷ್ಟೋ ಸಲ ಹೋಗಿಬಂದಿದ್ದೆವು. ಇವರು ಆ ತಿರುವಿನಲ್ಲಿ ಪ್ರತಿಸಲವೂ ರೇಡಿಯೊ ಸದ್ದು ಏರಿಸುತ್ತಿದ್ದದ್ದು ಆಗ ನೆನಪಿಗೆ ಬಂತು. ಗೋಡೆಯ ಮಗ್ಗುಲಿಗೆ ಮಕ್ಕಳ ಸಾಲು. ಇವರು ತಡವರಿಸದೆ ಹೋಗಿ ಒಂದು ಕಡೆ ನಿಂತರು. ಸುತ್ತ ಕಲ್ಲಿಟ್ಟ, ಮೊಳದುದ್ದದ ಮಣ್ಣು.

ವೆಸೀನಾ ಮಂಡಿಯೂರಿ ಕಸ ಆರಿಸಿದರು. ಬಾಟಲಿಯ ನೀರು ಸುರಿದು ಕಲ್ಲುಗಳನ್ನು ತಮ್ಮ ಸೆರಗಿನಂಥ ಏಪ್ರನ್ನಿನಿಂದ ಒರೆಸಿದರು. ನಾನು ಸೇವಂತಿಗೆ ಇಟ್ಟೆ. ಅವರು ಚೀಲದಿಂದ ಬಣ್ಣದ ಕಾಗದದ ಗಿರಗಿಟ್ಲೆಯೊಂದನ್ನು ತೆಗೆದು ಮಣ್ಣಿಗೆ ಸಿಕ್ಕಿಸಿದರು. ಅವರಲ್ಲಿ ಮಕ್ಕಳ ಸಮಾಧಿಗೆ ಅದನ್ನು ಇಡುತ್ತಾರಂತೆ. ಗುಡ್ಡದ ಗಾಳಿಗೆ ಅದು ಸುಯ್ಯೆಂದು ತಿರುಗತೊಡಗಿತು. ಆಮೇಲೆ ಚಾಪೆ ಹಾಸಿ, ಫ್ಲಾಸ್ಕು ತೆರೆದು, ನಮ್ಮಿಬ್ಬರ ಕೈಗೂ ಚಹಾ ಕೊಟ್ಟು, ನನ್ನ ಗಂಡನನ್ನು ಕೇಳಿದರು: "ಆ ದಿನ ಅವನಿಗೆ ಏನು ತೊಡಿಸಿದ್ದಿರಿ?"

ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿರಲಿಲ್ಲ. ಇವರು ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟು ಅರ್ಧಕ್ಕೇ ಕೈಬಿಟ್ಟರು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದರು.

"ದವಾಖಾನ್ಯಾಗ ಬಿಳಿ ಅರಿವ್ಯಾಗ ಸುತ್ತಿ ಕೊಟ್ಟಿದ್ರು. ಎತ್ಕೊಂಡ್ರ ಭಾಳ ತಣ್ಣಗಿದ್ದ. ಆಫೀಸಿನ ಏಸಿಗೆ ಅಂತ ಕಾರಿನ್ಯಾಗ ನನ್ನ ಸ್ವೆಟರ್ ಇತ್ತಲ್ಲ, ನೀಲಿದು. ಅದನ್ನ ಸುತ್ತಿದ್ನಿ."

"ಅದು ಎಲ್ಲೋ ಕಳದೈತಿ ಅಂದಿದ್ರಿ."

"ಹೂಂ. ಮತ್ತೇನನ್ಲಿ?" ಲೋಟವನ್ನು ಚಾಪೆಯ ಮೇಲಿಟ್ಟರು. "ಇಲ್ಲಿತನಕ ಗೆಳ್ಯಾರ ಕೈಯಾಗ ಕೊಡ್ಲಿಲ್ಲ. ನಾನ ಎದಿಗೆ ಹಿಡ್ಕೊಂಡು ಕುಂತಿದ್ನಿ. ಅವ ಬೆಚ್ಚಗಾಗ್ತಾನೇನೋ ಅಂತ ಹುಚ್ಚು."

ನಾನು ಅವರ ಪಕ್ಕಕ್ಕೆ ಸರಿದು ಕೂತೆ. ವೆಸೀನಾಗೆ ಒಂದು ಅಕ್ಷರವೂ ತಿಳಿಯಲಿಲ್ಲ, ತಿಳಿಸೆಂದು ಕೇಳಲೂ ಇಲ್ಲ. ಬ್ರೆಡ್ಡು ಮುರಿದು ಮೂರು ಪಾಲು ಮಾಡಿ ಬಟ್ಟೆಯ ಮೇಲಿಟ್ಟು, ಗುಡ್ಡದ ಕಡೆ ಮುಖ ತಿರುಗಿಸಿ ತಮ್ಮ ಪಾಲನ್ನು ನಿಧಾನವಾಗಿ ತಿಂದರು.

ಮುಂದಿನ ವರ್ಷ ಕಾಂಟ್ರಾಕ್ಟು ಮುಗಿದು ಅವರು ತಮ್ಮ ಊರಿಗೇ ಹೋದರು. ಹೋಗುವಾಗ ನನ್ನ ಅಡುಗೆಮನೆಯ ಡಬ್ಬಗಳನ್ನು ಮತ್ತೊಮ್ಮೆ ತಮಗೆ ಸರಿಕಂಡಂತೆ ಜೋಡಿಸಿದರು. ಅದಾದ ಮೇಲೆ ಆಗೊಮ್ಮೆ ಈಗೊಮ್ಮೆ ಫೋನು, ಒಂದೆರಡು ಫೋಟೊ, ಕೊನೆಗೆ ಈ ಸಂದೇಶ. ಅವರನ್ನು ನೆನೆದರೆ ನನಗೆ ಕಾಣುವುದು ಮಾತ್ರ ಆ ಶುಕ್ರವಾರ ವಾಪಸು ಬರುವಾಗಿನ ಅವರು.

ಹಿಂದಿನ ಸೀಟಿನಲ್ಲಿ ಕೂತವರು ಅಮೇರಾತ್ ಬರುವ ಮೊದಲೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಮಂಡಿಗೆಲ್ಲ ಮಣ್ಣು ಮೆತ್ತಿತ್ತು. ಇಷ್ಟು ಸುಸ್ತಾಗಿದ್ದ ಹೆಂಗಸು ಬೆಳಿಗ್ಗೆಯಿಂದ ದಣಿವಿನ ಒಂದು ಮಾತೂ ಆಡಿರಲಿಲ್ಲ. ಮುಂದೆ ನಾವಿಬ್ಬರೂ ಅವರಿಗೆ ಕೇಳಿಸದಂತೆ ಮೆಲ್ಲಗೆ ಮಾತಾಡುತ್ತಿದ್ದೆವು.

"ಮೂಗು ಯಾರಂಗಿತ್ರೀ?"

"ನಿಮ್ಮಪ್ಪನಂಗ. ಅಗಲ."

"ಕೂದಲ?"

"ಭಾಳ. ಕಿವೀತನಕ."

ಸೀಬ್ ಬರುವವರೆಗೂ ನಾನು ಕೇಳುತ್ತಿದ್ದೆ, ಇವರು ಹೇಳುತ್ತಿದ್ದರು. ಕಾರು ಮನೆಯ ಮುಂದೆ ನಿಂತಿತು. ಆಕೆಗೆ ಎಚ್ಚರವಾಗಿರಲಿಲ್ಲ, ಎಬ್ಬಿಸಲು ನಮಗೆ ಮನಸ್ಸಾಗಲಿಲ್ಲ. ಏಸಿ ಆಡುತ್ತಿರಲಿ ಎಂದು ಇವರು ಇಂಜಿನು ಆರಿಸದೆ ಬಿಟ್ಟರು. ಶುಕ್ರವಾರದ ನಮಾಜಿಗೆ ಹೊರಟವರು ಕಾರಿನೊಳಗೆ ಇಣುಕಿ ನೋಡಿಕೊಂಡು ಹೋದರು. ಆಕೆ ತಾನಾಗಿ ಕಣ್ಣು ಬಿಡುವವರೆಗೂ ನಾವು ಅಲ್ಲೇ ಕೂತು ಮಗನ ಮಾತು ಆಡುತ್ತಿದ್ದೆವು.